ಸೆರಗು ಸಮೇತ ಒಂದು ಕೌದಿ

ಹೊಲಿಗೆ ಎಂದರೆ ಏನು ಮಹಾ ವಿದ್ಯೆ? ಬಟ್ಟೆ ಇರಬೇಕು, ದಾರ ಇರಬೇಕು, ಎರಡನ್ನೂ ಸೇರಿಸಬೇಕೆಂಬ ಮನಸ್ಸಿರಬೇಕು. ಇಷ್ಟೂ ನನ್ನ ಹತ್ತಿರ ಇದ್ದವು. ಜೊತೆಗೆ ತವರಿನಿಂದ ಬಂದ, ಕಾಲಿನಲ್ಲಿ ತುಳಿಯುವ ಹೊಲಿಗೆ ಮೆಷಿನ್ ಬೇರೆ! ಇಷ್ಟೆಲ್ಲ ಇದ್ದ ಮೇಲೆ ಹೊಲಿಗೆ ಕಲಿಯುವುದಕ್ಕೆ ಇನ್ನೊಬ್ಬರ ಮುಂದೆ ಕೈಕಟ್ಟಿ ನಿಲ್ಲಬೇಕೇ? ಖಂಡಿತ ಬೇಡ ಎಂದು ತೀರ್ಮಾನಿಸಿದೆ. ಆ ತೀರ್ಮಾನವನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ನಾನು ಅದನ್ನು ನಡುಮನೆಯಲ್ಲಿ, ಎಲ್ಲರ ಎದುರಿಗೆ, ಕೂಗಿ ಹೇಳಿದೆ.

ಕೂಗಿಸಿದವಳು ನನ್ನ ನಾದಿನಿ ಗಿರಿಜಾ. ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಟೆರಿಲಿನ್ ಪ್ಯಾಂಟು ಹಾಕಿದವರೆಲ್ಲ ತಮ್ಮನ್ನು ಸಾಹೇಬರೆಂದು ತಿಳಿದುಕೊಂಡಿದ್ದ ಕಾಲ ಅದು. ಗಿರಿಜಾ ಚೊಚ್ಚಲ ಬಾಣಂತನಕ್ಕೆ ತವರಿಗೆ, ಅಂದರೆ ನಮ್ಮ ಮನೆಗೆ ಬಂದಿದ್ದಳು. ವಿಜಯದಶಮಿಯ ದಿನ ಅವಳ ಅತ್ತೆ ತ್ಯಾಗರಾಜನಗರದಿಂದ ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಮಗುವಿನ ಜೊತೆ ಒಂದು ಕೌದಿ ಕಳಿಸಬೇಕೆಂದು ನಮ್ಮ ಅತ್ತೆಗೆ ಆಸೆ. ಹಳೆಯ ಸೀರೆ, ಹಳೆಯ ಪಂಚೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಕೌದಿ ಎಳೆಮೈಗೆ ಹಿತವಾಗಿರುತ್ತದೆ.

"ಹೊಲಿಯೋಕೆ ಯಾರಿಗಾದ್ರೂ ಹೇಳ್ಬೇಕು" ಅಂದರು ಅತ್ತೆ.

"ಯಾರಿಗ್ಯಾಕೆ? ನಾನೇ ಹೊಲೀತೀನಿ" ಅಂದೆ.

ಮಗುವನ್ನು ತಟ್ಟಿ ಮಲಗಿಸುತ್ತಿದ್ದ ಗಿರಿಜಾ ತಲೆಯೆತ್ತಿದಳು. "ಅತ್ತಿಗೆ, ನೀವು ಅಣ್ಣನ ಶರಟಿಗೆ ಗುಂಡಿ ಹಾಕಿದ್ರಿ, ನೆನಪಿದ್ಯಾ? ಆಮೇಲೆ ಅಣ್ಣ ಆ ಶರಟನ್ನ ಬನೀನಿನ ಥರ ತಲೆ ಮೇಲಿಂದ ಹಾಕ್ಕೋಬೇಕಾಯ್ತು!"

ನನ್ನ ಮೈಯೆಲ್ಲ ಉರಿದುಹೋಯಿತು. ಗುಂಡಿ ಭದ್ರವಾಗಿರಲಿ ಎಂದು ಎರಡೂ ಕಡೆಯ ಬಟ್ಟೆ ಸೇರಿಸಿ ಹೊಲಿದದ್ದು ನಿಜ. ಅದನ್ನು ಹೀಗೆ ಆಡಿಕೊಳ್ಳುವುದೇ? "ನಿನ್ನ ಮಗು ಈ ಮನೆ ಹೊಸಿಲು ದಾಟೋದು ನಾನು ಹೊಲಿದ ಕೌದೀಲೇ! ಇಲ್ದಿದ್ರೆ ನನ್ನ ತವರಿನ ಮೆಷಿನ್ನನ್ನ ನಿನಗೇ ಕೊಟ್ಟು ಕಳಿಸ್ತೀನಿ!" ಎಂದು ಕೂಗಿದೆ.

"ಆಗ್ಲಿ ಅತ್ತಿಗೆ" ಅಂದಳು ಗಿರಿಜಾ. ಅಂದವಳು ಮೆಷಿನ್ ಕಡೆ ತಿರುಗಿ, ಅದನ್ನು ತನ್ನ ಮನೆಯಲ್ಲಿ ಯಾವ ಮೂಲೆಯಲ್ಲಿ ಇಡಬಹುದು ಎಂದು ಅಳೆಯುವವಳಂತೆ ನೋಡಿದಳು. ಆ ನೋಟ ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಮೆಷಿನ್‌ಗೂ ನನಗೂ ಮೊದಲ ದಿನವೇ ಜಗಳ ಹತ್ತಿತು. ನಾನು ಮುಂದಕ್ಕೆ ಹೋಗಲಿ ಎಂದು ತುಳಿದರೆ ಅದರ ಚಕ್ರ ಹಿಂದಕ್ಕೆ ಓಡುತ್ತಿತ್ತು. ದಾರ ಪಟ್ಟೆಂದು ಕಡಿಯುತ್ತಿತ್ತು. ಮೇಲಿನ ದಾರ ಸರಿಮಾಡಿದರೆ ಕೆಳಗೆ ಬಾಬಿನ್ನಿನ ಹತ್ತಿರ ದಾರವೆಲ್ಲ ಗಂಟುಗಂಟಾಗಿ ಗುಬ್ಬಿಗೂಡು! ಎದುರುಮನೆಯ ಕಮಲಮ್ಮನವರು ಬಾಗಿಲಲ್ಲಿ ನಿಂತು, "ಶಾರದಾ, ಒಂದು ಸಲ ತೋರಿಸ್ಕೊಡ್ಲೇನಮ್ಮ?" ಎಂದು ಕೇಳಿದರು. "ಬೇಡಿ ಕಮಲಮ್ಮ, ನಮ್ಮಿಬ್ಬರ ಮಧ್ಯೆ ನೀವು ಬರಬೇಡಿ" ಎಂದು ಹೇಳಿ ಕಳಿಸಿದೆ. ಅವರು ಹೋದ ಮೇಲೆ ಮೆಷಿನ್‌ಗೆ ಒಂದು ಏಟು ಕೊಟ್ಟೆ. ಏಟು ಬಿದ್ದದ್ದು ನನ್ನ ಕೈಗೆ.

ಕೈ ಪಳಗಲಿ ಎಂದು ಮೊದಲು ನಮ್ಮ ಯಜಮಾನರಿಗೆ ಒಂದು ಪಟ್ಟೆ ಪಟ್ಟೆ ಚಡ್ಡಿ ಹೊಲಿದೆ. ಅವರು ಅದನ್ನು ಹಾಕಿಕೊಂಡು ನಡುಮನೆಯಲ್ಲಿ ಒಂದು ಸುತ್ತು ಬಂದು, ನಿಂತು, ಗಂಭೀರವಾಗಿ ಯೋಚಿಸಿದರು.

"ನಿಂತ್ಕೊಂಡ್ರೆ ಚೆನ್ನಾಗಿದೆ ಕಣೇ. ನಡೆದ್ರೆ ಮಾತ್ರ ಎಡಕ್ಕೇ ಎಳೆಯುತ್ತೆ."

ನೋಡಿದರೆ ಎರಡೂ ಎಡಗಾಲೇ ಕತ್ತರಿಸಿದ್ದೆ! ಹಾಗೆಂದು ಒಪ್ಪಿಕೊಳ್ಳಲು ಆಗುತ್ತದೆಯೇ? "ನಿಮ್ಮ ಆಫೀಸು ಎಡಗಡೆಗೇ ತಾನೆ ಇರೋದು? ಸುಮ್ನೆ ಹೋಗ್ರಿ!" ಎಂದು ರೇಗಿದೆ. ಸಂಜೆ ವಾಪಸ್ಸು ಬರುವಾಗ ಏನು ಮಾಡಲಿ ಎಂದು ಆ ಮನುಷ್ಯ ಕೇಳಿದರು. ಗಿರಿಜಾ ಕೋಣೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿತ್ತು.

ಇನ್ನು ಕೌದಿ. ಅತ್ತೆಯ ಹಳೆಯ ಸೀರೆ, ಮಾವನವರ ಕಾಲದ ಮೆತ್ತನೆಯ ಪಂಚೆ, ಗಟ್ಟಿಯಾಗಿರಲಿ ಎಂದು ನಮ್ಮವರ ಸವೆದ ಟೆರಿಲಿನ್ ಪ್ಯಾಂಟು, ಎಲ್ಲವನ್ನೂ ಕತ್ತರಿಸಿ ಗುಡ್ಡೆ ಹಾಕಿದೆ. ಅಳತೆ ಹಿಡಿಯುವುದು ಕಣ್ಣಿಲ್ಲದವರ ಕೆಲಸ ಎಂದು ಆಗ ನನ್ನ ಅಭಿಪ್ರಾಯವಾಗಿತ್ತು. ತುಂಡುಗಳನ್ನು ಜೋಡಿಸಿದಾಗ ನಾಲ್ಕು ಮೂಲೆ ಬರಬೇಕಾದಲ್ಲಿ ಐದು ಬಂದವು. ಹೆಚ್ಚಾದದ್ದನ್ನು ಒಳಕ್ಕೆ ಮಡಚಿ ಹೊಲಿದೆ. ಮೂರಾದವು! ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ಹೊಲಿಗೆಯ ಸಾಲುಗಳು ನೇರ ಬರಲಿ ಎಂದು ಎರಡೂ ಕಣ್ಣು ಅಗಲಿಸಿ, ಉಸಿರು ಬಿಗಿಹಿಡಿದು ಹೊಲಿದರೂ ಒಂದೊಂದು ಸಾಲೂ ಹಾವು ಹರಿದ ಹಾಗೆ ಹರಿಯುತ್ತಿತ್ತು. ಮೆಷಿನ್ ಬೇಕೆಂದೇ ಹಾಗೆ ಮಾಡುತ್ತಿದೆ, ಗಿರಿಜಾ ಮನೆಗೆ ಹೋಗಲು ಅದಕ್ಕೂ ಮನಸ್ಸಿದೆ ಎಂದು ನನಗೆ ಬಲವಾದ ಗುಮಾನಿ.

ಅಂತೂ ಮಹಾನವಮಿ ಬಂತು. ಕೌದಿಯ ಒಂದು ಅಂಚಿನ ಹೊಲಿಗೆ ಮಾತ್ರ ಬಾಕಿ. ನಡುಮನೆಯಲ್ಲಿ ಬೊಂಬೆಗಳನ್ನು ಕೂರಿಸಿದ್ದೆವು. ಅವುಗಳ ಮುಂದೆ ಅತ್ತೆ ಆಯುಧಪೂಜೆಗೆ ಮಣೆ ಹಾಕಿ, ಕತ್ತರಿ, ಈಳಿಗೆಮಣೆ, ಚಾಕು, ಸುತ್ತಿಗೆ, ನಮ್ಮವರು ಗಡ್ಡ ಹೆರೆಯುವ ಬ್ಲೇಡು, ಹೀಗೆ ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ಸಾಲಾಗಿ ಇಟ್ಟಿದ್ದರು. ತೊಳೆದ ಸೈಕಲ್ಲು ಬಾಗಿಲ ಬಳಿ ನಿಂತಿತ್ತು. ಪಕ್ಕದಲ್ಲೇ ಮೆಷಿನ್, ಅದರ ಮುಂದೆ ನಾನು. ತವರಿನಿಂದ ಬಂದ ನೇರಳೆ ಬಣ್ಣದ ಹೊಸ ರೇಷ್ಮೆ ಸೀರೆ ಉಟ್ಟಿದ್ದೆ.

"ಏಳೇ ಶಾರದಾ, ರಾಹುಕಾಲ ಬಂದ್ಬಿಡುತ್ತೆ. ಅಷ್ಟರೊಳಗೆ ಪೂಜೆ ಆಗ್ಬೇಕು" ಎಂದು ಅತ್ತೆ ಒಳಗಿನಿಂದ ಕೂಗಿದರು.

"ಒಂದೇ ಸಾಲು ಅತ್ತೆ!"

ಅಷ್ಟರಲ್ಲಿ ನಮ್ಮವರು ಚೆಂಡುಹೂವಿನ ಹಾರ ಹಿಡಿದುಕೊಂಡು ಹಿಂದೆ ಬಂದು ನಿಂತರು. "ಮೆಷಿನ್ನನ್ನ ಗಿರಿಜಂಗೆ ಮೂಟೆ ಕಟ್ಟಿ ಕೊಡೋಣ್ವಾ, ಇಲ್ಲ ಹೀಗೇ ಹಾರ ಹಾಕಿ ಮೆರವಣಿಗೇಲಿ ಕಳಿಸೋಣ್ವಾ?"

ನನಗೆ ತಡೆಯಲಿಲ್ಲ. ಹಿಂದಕ್ಕೆ ತಿರುಗಿದೆ. ಅವರ ಮುಖವನ್ನೇ ನೋಡುತ್ತಾ, ಮದುವೆಯಾದಂದಿನಿಂದ ಕೂಡಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಅಂದುಬಿಟ್ಟೆ. ಅನ್ನುತ್ತಿದ್ದಷ್ಟು ಹೊತ್ತೂ ಕಾಲು ತುಳಿಯುತ್ತಲೇ ಇತ್ತು. ಮೆಷಿನ್ ಒಂದು ಸಲವೂ ತಕರಾರು ಮಾಡದೆ ಟಕಟಕನೆ ಓಡಿತು. ಬೈಗುಳ ಮುಗಿಯುವುದಕ್ಕೂ ಅದು ಕಟಕ್ ಎಂದು ನಿಲ್ಲುವುದಕ್ಕೂ ಸರಿಹೋಯಿತು.

ತಿರುಗಿ ನೋಡಿದೆ. ಭುಜದಿಂದ ಒಂದು ಗೇಣು ಬಿಟ್ಟರೆ ಮಿಕ್ಕ ಸೆರಗೆಲ್ಲ ಕೌದಿಯ ಅಂಚಿನಲ್ಲಿ ಸೇರಿ ಹೊಲಿಗೆ ಬಿದ್ದಿತ್ತು! ಸೂಜಿ ಆ ದಪ್ಪದೊಳಗೆ ಕಚ್ಚಿಕೊಂಡು ಕೂತಿತ್ತು. ನಾನು ಬಗ್ಗಿ ಅದನ್ನು ನೋಡುತ್ತಿರುವಾಗಲೇ ಅತ್ತೆ ಗಡಿಯಾರದ ಮೇಲೆ ಕಣ್ಣಿಟ್ಟುಕೊಂಡು ಆರತಿ ತಟ್ಟೆ ಹಿಡಿದು ಧಾವಿಸಿ ಬಂದರು.

"ಅತ್ತೆ, ನಿಲ್ಲಿ!"

"ಪೂಜೆ ಹೊತ್ತಲ್ಲಿ ಕಿರುಚ್ಬೇಡ ಕಣೇ!" ಎಂದು ಚಕ್ರಕ್ಕೆ ಕುಂಕುಮ ಹಚ್ಚಿದರು, ಹಾರ ಹಾಕಿಸಿದರು, ಆರತಿ ಎತ್ತಿದರು. ಹಣೆ ಅಡ್ಡ ಬಂತೆಂದು ನನಗೂ ಕುಂಕುಮ ಬಿತ್ತು. ಸೈಕಲ್ಲಿನ ಮುಂದೆ ಕಾಯಿ ಒಡೆದು, "ಆಯ್ತು. ಇನ್ನು ನಾಳೆ ವಿಸರ್ಜನೆ ಆಗೋ ತನಕ ಇದ್ಯಾವುದನ್ನೂ ಯಾರೂ ಮುಟ್ಟಕೂಡದು" ಎಂದು ನೆಮ್ಮದಿಯ ಉಸಿರು ಬಿಟ್ಟರು.

"ನಾನು ಇದಕ್ಕೆ ಅಂಟ್ಕೊಂಡಿದೀನಿ ಅತ್ತೆ! ಆ ಕತ್ತರಿ ಕೊಡಿ!"

"ಪೂಜೆಗಿಟ್ಟ ಕತ್ತರೀನ ತೆಗೀತಾರೇನೇ?"

"ಚಕ್ರ ತಿರುಗಿಸಿ ಸೂಜಿ ಆದ್ರೂ ಎತ್ತಿ!"

"ಕುಂಕುಮ ಹಚ್ಚಿದೀನಿ, ಕಾಣ್ಸಲ್ವಾ?"

"ಹಾಗಾದ್ರೆ ನಾಳೆ ತನಕ ನಾನು ಇಲ್ಲೇ ಇರ್ಲಾ?"

"ಮೆಷಿನ್ ಇರುತ್ತಲ್ಲ, ಅದರ ಜೊತೆ ನೀನೂ ಇರು. ಹಬ್ಬದ ದಿನ ಒಂದು ಕಡೆ ಕೂತಿದ್ರೆ ಮನೆಗೂ ಒಳ್ಳೇದು."

ನಮ್ಮವರು ಕತ್ತರಿ ಕೇಳಿಕೊಂಡು ವಠಾರವೆಲ್ಲ ಸುತ್ತಿ ಬಂದರು. ಕಮಲಮ್ಮನವರ ಕತ್ತರಿಗೂ ಪೂಜೆ ಆಗಿತ್ತು. ಮೂಲೆಯ ಟೈಲರ್ ಅಂಗಡಿಗೆ ಬಾಳೆಕಂದು ಕಟ್ಟಿ ಬೀಗ ಹಾಕಿದ್ದರು. "ಹಲ್ಲಲ್ಲಿ ಕಚ್ಚಿ ನೋಡಿ ಅತ್ತಿಗೆ, ಹಲ್ಲಿಗೆ ಪೂಜೆ ಆಗಿಲ್ವಲ್ಲ" ಎಂದು ಗಿರಿಜಾ ಸಲಹೆ ಕೊಟ್ಟಳು. ಎಳೆದು ಹರಿಯೋಣವೆಂದರೆ ತವರಿನ ಸೀರೆ! ಇಡೀ ಚಾಮರಾಜಪೇಟೆಯಲ್ಲಿ ಅವತ್ತು ಪೂಜೆಗೆ ಕೂರದೆ ಉಳಿದ ಹರಿತವಾದ ವಸ್ತು ಎಂದರೆ ನನ್ನ ನಾಲಿಗೆ ಒಂದೇ. ಅದನ್ನು ಧಾರಾಳವಾಗಿ ಉಪಯೋಗಿಸಿದೆ. ಗಂಡ, ನಾದಿನಿ, ಮೆಷಿನ್ ಮಾಡಿದವರು, ಟೆರಿಲಿನ್ ಕಂಡುಹಿಡಿದವರು, ಯಾರನ್ನೂ ಬಿಡಲಿಲ್ಲ. ಹಬ್ಬದ ಊಟವೂ ಅಲ್ಲೇ ಆಯಿತು. ಮೆಷಿನ್ ಮೇಲೆ ಎಂಜಲು ಬೀಳಬಾರದೆಂದು ಅತ್ತೆ ಎಲೆಯನ್ನು ಆಚೆ ಸ್ಟೂಲಿನ ಮೇಲೆ ಹಾಕಿದರು. ಒಂದು ಕೈ ಚಾಚಿ ಹೋಳಿಗೆ ಹರಿದು ತಿಂದೆ. ಅಷ್ಟು ಸಿಟ್ಟಿನಲ್ಲಿ ಹೋಳಿಗೆಯ ರುಚಿ ಕೂಡ ತಿಳಿಯಲಿಲ್ಲ.

ಸಂಜೆಯಾಗುತ್ತಲೇ ಬೊಂಬೆ ನೋಡಲು ಹೆಂಗಸರು ಮಕ್ಕಳು ಬರತೊಡಗಿದರು. ರಾಜ, ರಾಣಿ, ಅಂಗಡಿ ಇಟ್ಟುಕೊಂಡ ಶೆಟ್ಟಿ, ಎಲ್ಲ ನೋಡಿಕೊಂಡು ಬಂದು ಕೊನೆಗೆ ನನ್ನ ಮುಂದೆ ನಿಲ್ಲುತ್ತಿದ್ದರು. ಹಣೆತುಂಬ ಕುಂಕುಮ, ಪಕ್ಕದಲ್ಲಿ ಹೂವಿನ ಹಾರ, ಅಲುಗಾಡದ ಮೈ. ಒಂದು ಪುಟ್ಟ ಹುಡುಗಿ ಅವಳ ಅಜ್ಜಿಯನ್ನು ಕೇಳಿದಳು: "ಅಜ್ಜಿ, ಈ ದೊಡ್ಡ ಬೊಂಬೆ ಯಾಕೆ ಹಾಗೆ ಕಣ್ಣು ಕೆಕ್ಕರಿಸ್ತಿದೆ?" ಮಕ್ಕಳಿಗೆ ಚರ್ಪು ಹಂಚುವ ಕೆಲಸವನ್ನೂ ಅತ್ತೆ ನನಗೇ ವಹಿಸಿದರು. ಹೇಗೂ ಕೂತಿದ್ದೀಯಲ್ಲ ಎಂದು, ಕೊಬ್ಬರಿ ಮಿಠಾಯಿಯ ತಟ್ಟೆ ತಂದು ತೊಡೆಯ ಮೇಲಿಟ್ಟರು.

ಅದೇ ಹೊತ್ತಿಗೆ ಬರಬೇಕೇ ಗಿರಿಜಾಳ ಅತ್ತೆ! ನಾಳೆ ಬರಬೇಕಾದವರು, ಬೊಂಬೆ ನೋಡಿದ ಹಾಗೂ ಆಯಿತೆಂದು ಇವತ್ತೇ ಬಂದಿದ್ದರು. ಬೀಗಿತ್ತಿ ಬಂದರೆ ಸೊಸೆಯಾದವಳು ಎದ್ದು ಕಾಲಿಗೆ ನಮಸ್ಕಾರ ಮಾಡಬೇಡವೇ? ನಾನು ಕೂತಲ್ಲೇ ಕತ್ತು ಬಗ್ಗಿಸಿದೆ. ಅವರ ಮುಖ ಗಂಟಿಕ್ಕಿಕೊಂಡಿತು.

ನಮ್ಮ ಅತ್ತೆ ಕೈ ಹೊಸೆಯುತ್ತಾ, "ತಪ್ಪು ತಿಳ್ಕೋಬೇಡಿ. ನಮ್ಮ ಶಾರದಾ ಹೊಲಿಗೇಲಿ ಮುಳುಗಿದ್ಲು ಅಂದ್ರೆ ಏಳೋದೇ ಇಲ್ಲ" ಎಂದರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಏಳೋದಿಲ್ಲ ಅಲ್ಲಮ್ಮ, ಏಳೋಕಾಗಲ್ಲ! ಇವರೆಲ್ಲ ಸೇರಿ ನನ್ನನ್ನ ಪೂಜೆ ಮಾಡಿ ಕೂರಿಸಿದಾರೆ! ಬೆಳಗ್ಗಿಂದ ಈ ಕಬ್ಬಿಣಕ್ಕೆ ಅಂಟ್ಕೊಂಡು ಕೂತಿದೀನಿ, ಈ ಮನೇಲಿ ಒಬ್ಬರಿಗಾದ್ರೂ ಕರುಣೆ ಇದೆಯಾ?" ಎಂದು ಸೆರಗು, ಸೂಜಿ, ಕತ್ತರಿ ಎಲ್ಲದರ ಕಥೆಯನ್ನೂ ಕೂಗಿ ಕೂಗಿ ಹೇಳಿದೆ. ಬೊಂಬೆ ನೋಡಲು ಬಂದವರು ಕದಲದೆ ನಿಂತು ಕೇಳಿದರು.

ಬೀಗಿತ್ತಿ ಬಗ್ಗಿ ಸೆರಗು ನೋಡಿದರು. ನನ್ನನ್ನು ನೋಡಿದರು. "ಅಲ್ಲಮ್ಮ, ಸಿಕ್ಕಿಹಾಕ್ಕೊಂಡಿರೋದು ಸೀರೆ ತಾನೆ? ನೀನಲ್ವಲ್ಲ? ಬಾಗಿಲು ಹಾಕ್ಕೊಂಡು, ಇದನ್ನ ಬಿಚ್ಚಿಟ್ಟು, ಬೇರೆ ಸೀರೆ ಉಟ್ಕೋಬಾರ್ದಾಗಿತ್ತಾ?"

ನಾನು, ಅತ್ತೆ, ಗಿರಿಜಾ, ಕಮಲಮ್ಮ, ನಾವೆಲ್ಲ ಹುಟ್ಟಿದಾಗಿನಿಂದ ಎನ್ನುವಷ್ಟು ಕಾಲ ಸೀರೆ ಉಟ್ಟವರು. ಬೆಳಗಿನಿಂದ ಒಬ್ಬರಿಗೂ ಇದು ಹೊಳೆದಿರಲಿಲ್ಲ! ನನಗೆ ಸಮಾಧಾನವಾಗಬೇಕಿತ್ತು. ಸಿಟ್ಟು ನೆತ್ತಿಗೇರಿತು. ಇಷ್ಟು ಸುಲಭದ ಮಾತನ್ನು ಇಷ್ಟು ಜನರ ಮುಂದೆ ಹೇಳುವುದೇ? ಎಲ್ಲರನ್ನೂ ಹೊರಗೆ ಕಳಿಸಿ, ದಡಾರನೆ ಬಾಗಿಲು ಹಾಕಿಸಿ, ಸೀರೆ ಬದಲಾಯಿಸಿ ಬಂದು, ಬೀಗಿತ್ತಿಯ ಕಾಲಿಗೆ ಬಿದ್ದೆ. ಬಿದ್ದದ್ದು ಸ್ವಲ್ಪ ಜೋರಾಗಿಯೇ ಬಿದ್ದೆ.

ಮರುದಿನ ವಿಸರ್ಜನೆಯಾಗಿ ಕತ್ತರಿಗೆ ಬಿಡುಗಡೆ ಸಿಕ್ಕಿತು. ಹೊಲಿಗೆ ಬಿಚ್ಚಲು ಹೋದರೆ ರೇಷ್ಮೆಯೇ ಕಿತ್ತುಬರುವ ಹಾಗಾಯಿತು. ಬೇರೆ ದಾರಿಯಿಲ್ಲದೆ ಕಣ್ಣಲ್ಲಿ ನೀರು ತುಂಬಿಕೊಂಡು ಸೆರಗನ್ನೇ ಕತ್ತರಿಸಿದೆ. ಆದರೆ ಮಗು ಹೊಸಿಲು ದಾಟಿದ್ದು ನನ್ನ ಕೌದಿಯಲ್ಲೇ, ಅಂಚಿಗೆ ನೇರಳೆ ಬಣ್ಣದ ರೇಷ್ಮೆ ಸಮೇತ! ಮೆಷಿನ್ ನನ್ನಲ್ಲೇ ಉಳಿಯಿತು. ಗಿರಿಜಾಳನ್ನು ಆಟೋ ಹತ್ತಿಸುವಾಗ ಅವಳ ಮುಖವನ್ನೇ ನೋಡಿದೆ. ಹಾಗೆ ನೋಡುವ ಹಕ್ಕು ನನಗಿತ್ತು.

ದೀಪಾವಳಿ ಕಳೆದ ಮೇಲೆ ತ್ಯಾಗರಾಜನಗರಕ್ಕೆ ಹೋದೆ. ಕೌದಿ ಎಲ್ಲಿ ಎಂದು ಹೋಗುತ್ತಲೇ ಕಣ್ಣಾಡಿಸಿದೆ. ಟೆರಿಲಿನ್ ತುಂಡು ಅಡಿಗೆಮನೆಯಲ್ಲಿ ಮಸಿಬಟ್ಟೆಯಾಗಿತ್ತು. ಪಂಚೆಯ ಒಂದು ಭಾಗ ಕಿಟಕಿ ಒರೆಸುತ್ತಿತ್ತು. ಮೊದಲ ಸಲ ನೀರಿಗೆ ಹಾಕಿದಾಗಲೇ ಎಲ್ಲ ಬಿಚ್ಚಿಕೊಂಡು ಬಂತಂತೆ. ರೇಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಗು ಕಣ್ಣಿಗೆ ಬಿತ್ತು. ನೇರಳೆ ರೇಷ್ಮೆಯೂ ಅದಕ್ಕೆ ಅಂಟಿದ್ದ ಅತ್ತೆಯ ಹಳೆಯ ಸೀರೆಯೂ ಮಾತ್ರ ಒಟ್ಟಿಗೆ ಉಳಿದಿದ್ದವು. ಮಗು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅದರ ಮೇಲೆ ಕೆನ್ನೆಯಿಟ್ಟು ನಿದ್ದೆ ಮಾಡುತ್ತಿತ್ತು.

"ಇದಿಲ್ದೆ ಮಲಗೋದೇ ಇಲ್ಲ ಅತ್ತಿಗೆ" ಅಂದಳು ಗಿರಿಜಾ. ಅವಳ ಮಾತಿನಲ್ಲಿ ಕುಹಕ ಇರಲಿಲ್ಲ.

ಬೀಗಿತ್ತಿ ಕನ್ನಡಕ ಏರಿಸಿಕೊಂಡು ಆ ಅಂಚನ್ನು ಬೆರಳಲ್ಲಿ ಸವರಿದರು. "ನೋಡು, ಇದೊಂದು ಸಾಲು ಗೆರೆ ಎಳೆದ ಹಾಗೆ ಬಂದಿದೆ. ಎಷ್ಟು ಎಳೆದ್ರೂ ಬಿಡಲ್ಲ. ಇದನ್ನ ಹ್ಯಾಗಮ್ಮ ಹೊಲಿದೆ?"

ಮಿಕ್ಕದ್ದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಹೊಲಿದೆ, ಇದೊಂದನ್ನು ಮಾತ್ರ ಗಂಡನ ಮುಖ ನೋಡಿ ಬಯ್ಯುತ್ತಾ ಹೊಲಿದೆ ಎಂದು ಯಾವ ಬಾಯಲ್ಲಿ ಹೇಳಲಿ!

"ಅದಕ್ಕೆ ಕೈ ಪಳಗಿರಬೇಕಮ್ಮ" ಎಂದೆ.