ಎರಡು ವಿಷಲ್ ಹೊಡೆದ ಗಂಟಲು

ಬಸ್ಸಿನ ಕೆಲಸದಲ್ಲಿ ಒಂದಾದರೂ ತಮಾಷೆ ನಡೆಯದಿದ್ದರೆ ಅವತ್ತು ನಮಗೆ ರಜೆ ಎಂದೇ ಅರ್ಥ. ನನ್ನ ತಕರಾರು ಅದಲ್ಲ. ಓಡಾಟವೆಲ್ಲ ನನ್ನ ಪಾಲಿಗೆ, ಲಾಭವೆಲ್ಲ ನನ್ನ ಗೆಳೆಯನ ಪಾಲಿಗೆ ಹೋಗುತ್ತದಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ನಾವಿಬ್ಬರೂ ನೆಲಮಂಗಲದ ಕಂಡಕ್ಟರುಗಳು. ಅವನದು ತ್ಯಾಮಗೊಂಡ್ಲು ರೂಟು, ನನ್ನದು ದಾಬಸ್‌ಪೇಟೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಕ್ಯಾಬಿನ್ ಇದೆ. ಒಳಗೆ ಕುರ್ಚಿ, ಫ್ಯಾನು, ಎದುರಿಗೊಂದು ಮೈಕು. ಕೂತು ಬಸ್ಸುಗಳ ಹೆಸರು ಕೂಗುವುದಷ್ಟೇ ಕೆಲಸ. ಅಲ್ಲಿದ್ದ ಹಿರಿಯರು ನಿವೃತ್ತರಾಗುವವರಿದ್ದರು. ನನ್ನ ಮೊಣಕಾಲು ಸವೆದಿತ್ತು, ಸರ್ವಿಸ್ಸಿನಲ್ಲೂ ನಾನೇ ಹಿರಿಯ. ಆ ಕುರ್ಚಿ ನನಗೇ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವನ ಗಂಟಲು ಅಡ್ಡ ಬಂತು.

ನಿಲ್ಸೋದಾ, ಹೋಗೋದಾ

ಒಂದು ವಿಷಲ್ ಅಂದರೆ ನಿಲ್ಲಿಸು, ಎರಡು ಅಂದರೆ ರೈಟ್. ಇದು ನಮ್ಮಲ್ಲಿ ಹುಟ್ಟುಗುಣವಿದ್ದ ಹಾಗೆ.

ಅವತ್ತು ಅವನ ಬಸ್ಸಿಗೆ ಒಬ್ಬ ಹೆಂಗಸು ಮಿಲ್ಲಿನಿಂದ ಆಗಷ್ಟೇ ಬೀಸಿಸಿದ ಖಾರದಪುಡಿ ಹಿಡಿದು ಹತ್ತಿದಳು. ಘಾಟು ಬಡಿದದ್ದೇ ಇವನ ಗಂಟಲು ಮುಚ್ಚಿಕೊಂಡಿತು. ಉಸಿರು ಎಳೆದರೆ "ಕುಯ್ಯ್" ಎಂದು ಸದ್ದು. ಡ್ರೈವರ್ ಬ್ರೇಕ್ ಹಾಕಿದ. ಯಾರೂ ಇಳಿಯಲಿಲ್ಲ. "ಕುಯ್ಯ್, ಕುಯ್ಯ್." ಡ್ರೈವರ್ ಹೊರಟ. ಮತ್ತೊಂದು "ಕುಯ್ಯ್." ಮತ್ತೆ ಬ್ರೇಕು.

"ನಿಲ್ಸೋದಾ, ಹೋಗೋದಾ, ಒಂದು ಹೇಳ್ಬಿಡು ಗುರು," ಎಂದು ಡ್ರೈವರ್ ತಿರುಗಿ ನೋಡಿದರೆ, ಇವನು ಕಂಬ ಹಿಡಿದು ಬೆವರುತ್ತಿದ್ದ.

ಬಸ್ಸಿಗೆ ಬಸ್ಸೇ ಎದ್ದು ನಿಂತಿತಂತೆ. ಒಬ್ಬರು ಸೀಟು ಕೊಟ್ಟರು, ಒಬ್ಬರು ಸೆರಗಿನಲ್ಲಿ ಗಾಳಿ ಬೀಸಿದರು, ಒಬ್ಬರು ಇಳಿದು ಹೋಗಿ ಎಳನೀರು ತಂದರು. ಹಿಂದೊಮ್ಮೆ ನಾನು ಫುಟ್‌ಬೋರ್ಡಿನಿಂದ ಜಾರಿ ಬಿದ್ದಾಗ ಒಬ್ಬ ಪ್ರಯಾಣಿಕ ಕಿಟಕಿಯಿಂದ ಬಗ್ಗಿ ಕೇಳಿದ್ದ, "ಟಿಕೆಟ್ ಕೊಟ್ಟು ಬೀಳೋಕಾಗ್ತಿರ್ಲಿಲ್ವಾ?"

ಮುಚ್ಚದ ಬಾಗಿಲು

ಮೊದಲು ಎಲ್ಲರೂ ಉಬ್ಬಸ ಅಂದರು. ಪಂಪ್ ಸೇದಿದ, ಗುಣ ಕಾಣಲಿಲ್ಲ. ಕೊನೆಗೆ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ಅವರು ಮೂಗಿನೊಳಗೆ ದಾರದಂಥ ಕ್ಯಾಮೆರಾ ಇಳಿಸಿ, ಅವನ ಗಂಟಲನ್ನು ಟಿವಿಯಲ್ಲಿ ತೋರಿಸಿದರು. ನನ್ನ ಮುಖವೇ ಇವತ್ತಿನವರೆಗೆ ಟಿವಿಯಲ್ಲಿ ಬಂದಿಲ್ಲ.

"ಶ್ವಾಸಕೋಶ ಚೆನ್ನಾಗಿದೆ. ತೊಂದರೆ ಧ್ವನಿಪೆಟ್ಟಿಗೇಲಿ. ಉಸಿರು ಒಳಗೆ ಎಳ್ಕೊಳ್ಳೋವಾಗ ಅಲ್ಲಿನ ಎರಡು ಪದರ ತೆರೀಬೇಕು. ಇವರಿಗೆ ಘಾಟು, ಹೊಗೆ, ಗಾಬರಿ ಆದಾಗ ಸ್ವಲ್ಪ ಹೊತ್ತು ಮುಚ್ಕೊಳ್ತವೆ. ಆಮೇಲೆ ತಾವೇ ಸರಿಹೋಗ್ತವೆ. ಇದು ನಾಟಕ ಅಲ್ಲ," ಅಂದರು ಡಾಕ್ಟರು. ಕೊನೆಯ ಮಾತನ್ನು ನನ್ನ ಮುಖ ನೋಡಿಯೇ ಹೇಳಿದರು.

"ಅಂದ್ರೆ ಜನ ಹತ್ತೋ ಹೊತ್ತಿಗೆ ಬಸ್ ಬಾಗಿಲು ಹಾಕ್ಕೊಂಡ್ಬಿಟ್ಟಂಗೆ," ಅಂದೆ.

ಡಾಕ್ಟರು ಖುಷಿಯಾಗಿ ಅವನ ಬೆನ್ನು ತಟ್ಟಿದರು. ಹಾಗಾದಾಗ ಹೂವು ಮೂಸಿದಂತೆ ಮೂಗಿನಲ್ಲಿ ಉಸಿರು ಎಳೆದುಕೊಂಡು, ಬಿಸಿ ಕಾಫಿ ಆರಿಸಿದಂತೆ ತುಟಿ ಕೂಡಿಸಿ ನಿಧಾನ ಬಿಡಬೇಕು ಎಂದು ಕಲಿಸಿದರು. ಹೇಗೂ ಬಂದಿದ್ದೇನೆ, ನನ್ನ ಗಂಟಲನ್ನೂ ನೋಡಿ ಎಂದೆ.

"ನೀವು ಬಂದಾಗಿನಿಂದ ನೋಡ್ತಾನೇ ಇದೀನಿ. ನಿಮ್ಮ ಬಾಗಿಲು ಮುಚ್ಚೋದೇ ಇಲ್ಲ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ."

ಒಗ್ಗರಣೆ

ಒಂದು ಭಾನುವಾರ ಅವನನ್ನು ಊಟಕ್ಕೆ ಕರೆದೆ. ನನ್ನ ಹೆಂಡತಿ ಕಿಟಕಿಗಳನ್ನೆಲ್ಲ ತೆರೆದು, ಮೆಣಸಿನಕಾಯಿ ಇಲ್ಲದೆ ಒಗ್ಗರಣೆ ಹಾಕಿದ್ದಳು. ಮದುವೆಯಾದಾಗಿನಿಂದ ನಾನು ಹೊಟ್ಟೆ ಉರಿ, ಖಾರ ಕಡಿಮೆ ಹಾಕು ಎಂದು ಬೇಡಿಕೊಳ್ಳುತ್ತಿದ್ದೇನೆ.

"ಅವರಿಗೆ ಡಾಕ್ಟ್ರು ಹೇಳವ್ರೆ. ನಿಮಗೆ ಯಾರು ಹೇಳವ್ರೆ?" ಅಂದಳು.

"ನನ್ನ ಹೊಟ್ಟೇನೇ ಹೇಳ್ತಾ ಐತಲ್ಲ."

"ನಿಮ್ಮ ಹೊಟ್ಟೆ ಉರೀತಿರೋದು ಖಾರಕ್ಕಲ್ಲ ಬಿಡಿ," ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ರೈಟ್

ಕುರ್ಚಿ ಅವನಿಗೇ ಹೋಯಿತು. ರಸ್ತೆಯ ಧೂಳು, ಹೊಗೆ ಅವನಿಗೆ ಆಗದು ಅಂದರು ಮ್ಯಾನೇಜರು.

"ನನ್ನ ಮೊಣಕಾಲು ಸಾರ್?"

"ನೀನೇನು ಮೊಣಕಾಲಲ್ಲಿ ಉಸಿರಾಡ್ತೀಯೇನಪ್ಪಾ?"

ಅವನು ಫ್ಯಾನಿನಡಿ ಕೂತು ನನ್ನ ಬಸ್ಸಿನ ಹೆಸರು ಕೂಗುವಾಗಲೆಲ್ಲ ನನಗೆ ಟೀ ಸೇರುತ್ತಿರಲಿಲ್ಲ.

ಒಂದು ಸಂಜೆ ಪಕ್ಕದ ಅಂಗಡಿಯವನು ಬಜ್ಜಿಗೆಂದು ಕಾಯಿಸಿದ ಎಣ್ಣೆಗೆ ಹಿಟ್ಟಿಲ್ಲದ ಬರೀ ಮೆಣಸಿನಕಾಯಿ ಬಿತ್ತು. ಘಾಟು ನೇರ ಕ್ಯಾಬಿನ್ನಿಗೆ ನುಗ್ಗಿತು. "ಪ್ರಯಾಣಿಕರ ಗಮನಕ್ಕೆ" ಎನ್ನುತ್ತಿದ್ದ ಇವನ ಮಾತು ನಿಂತಿತು. ಮೈಕು ನಿಲ್ಲಲಿಲ್ಲ.

"ಕುಯ್ಯ್, ಕುಯ್ಯ್."

ಇಡೀ ಸ್ಟ್ಯಾಂಡಿಗೆ ಎರಡು ವಿಷಲ್ ಕೇಳಿಸಿತು. ಸ್ಟೇರಿಂಗ್ ಹಿಡಿದು ಕೂತಿದ್ದ ಡ್ರೈವರುಗಳೆಲ್ಲ ಒಟ್ಟಿಗೆ ಹೊರಟರು. ಟೀ ಕುಡಿಯುತ್ತಿದ್ದ ಕಂಡಕ್ಟರುಗಳು ಗ್ಲಾಸು ಹಿಡಿದೇ ಬಸ್ಸಿನ ಹಿಂದೆ ಓಡಿದರು. ಆ ಸದ್ದು ಏನೆಂದು ಗೊತ್ತಿದ್ದವನು ನಾನೊಬ್ಬನೇ. ಹೊಟ್ಟೆಕಿಚ್ಚೆಲ್ಲ ಮರೆತು, ಸವೆದ ಮೊಣಕಾಲಲ್ಲಿ ಕ್ಯಾಬಿನ್ ಕಡೆ ಓಡಿದೆ. ಅವನ ಕಣ್ಣು ಮೇಲಾಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಗಾಬರಿ ಬೇಡ ಕಣೋ, ನಾನಿದೀನಿ. ಹೂ ಮೂಸ್ದಂಗೆ ಎಳ್ಕೊ. ಕಾಫಿ ಆರಿಸ್ದಂಗೆ ಬಿಡು. ಹಾ, ಇನ್ನೊಂದ್ಸಲ," ಎಂದು ಬೆನ್ನು ಸವರುತ್ತಾ ಹೇಳಿಕೊಟ್ಟೆ. ನಿಧಾನಕ್ಕೆ ಸದ್ದು ಇಳಿಯಿತು, ಮುಖಕ್ಕೆ ಬಣ್ಣ ಬಂತು.

ತಲೆಯೆತ್ತಿ ನೋಡುತ್ತೇನೆ, ಮೈಕಿನ ಕೆಂಪು ದೀಪ ಉರಿಯುತ್ತಲೇ ಇದೆ. ಹೊರಗೆ ಕಲ್ಲುಬೆಂಚಿನ ಮೇಲೆ ಕೂತ ಪ್ರಯಾಣಿಕರೆಲ್ಲ ಸಾಲಾಗಿ ಹೂ ಮೂಸಿ ಕಾಫಿ ಆರಿಸುತ್ತಿದ್ದಾರೆ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. "ಈ ಸ್ಟ್ಯಾಂಡಿಂದ ಎಲ್ಲಾ ಗಾಡಿ ಟೈಮಿಗೆ ಸರಿಯಾಗಿ ಬಿಟ್ಟಿದ್ದು ಇವತ್ತೇ," ಎಂದು ಅವನ ಕೈ ಕುಲುಕಿದರು. ಅವರ ಹಿಂದೆಯೇ ಒಬ್ಬ ಅಜ್ಜಿ ಕಿಟಕಿಗೆ ಬಂದು, ಕುರ್ಚಿಯಲ್ಲಿ ಕೂತಿದ್ದ ಅವನಿಗೇ ಕೈಮುಗಿದಳು.

"ಎಷ್ಟು ಚೆಂದಾಗಿ ಹೇಳ್ಕೊಟ್ಟೆ ಕಣಪ್ಪಾ. ಎದೆಯೆಲ್ಲ ಹಗುರಾಯ್ತು."

ಅವನಿಗಿನ್ನೂ ಮಾತು ಹೊರಡುತ್ತಿರಲಿಲ್ಲ. ವಿನಯದಿಂದ ತಿರುಗಿ ಕೈಮುಗಿದ.

"ಅಜ್ಜೀ, ಹೇಳ್ಕೊಟ್ಟೋನು ನಾನು," ಅಂದೆ.

ಅಜ್ಜಿ ನನ್ನ ಖಾಕಿ ಅಂಗಿ, ಹೆಗಲಿನ ಚೀಲ, ಕೊರಳಲ್ಲಿ ನೇತಾಡುತ್ತಿದ್ದ ವಿಷಲ್ ಎಲ್ಲ ನೋಡಿದಳು.

"ಸುಮ್ನಿರಪ್ಪ. ನೀನು ಮೊದ್ಲು ಹೋಗಿ ನಿನ್ನ ಬಸ್ಸು ಹಿಡ್ಕೊ."