ಮಂಜಯ್ಯನವರ ಉಪ್ಪುನೀರು

ಮಾವಿನಮಿಡಿಯ ಸೊನೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಮಂಜಯ್ಯನವರು ಏಳು ವರ್ಷದ ಹುಡುಗನಾಗಿಬಿಡುತ್ತಿದ್ದರು. ಅಜ್ಜಿ ಭರಣಿಗೆ ಮಿಡಿ ತುಂಬಿ ಉಪ್ಪು ಸುರಿಯುವಳು. ಮೂರು ದಿನ ಬಿಟ್ಟು ನೋಡಿದರೆ ಮಿಡಿ ಸುಕ್ಕು, ಭರಣಿ ತುಂಬ ನೀರು. "ನೀರು ಎಲ್ಲಿಂದ ಬಂತಜ್ಜಿ?" ಎಂದರೆ, "ಉಪ್ಪು ಕರೀತು, ಬಂತು" ಎನ್ನುವಳು. ಆ ಉತ್ತರವೇ ಅವರನ್ನು ಸಾಗರದ ಕಾಲೇಜೊಂದರ ಜೀವಶಾಸ್ತ್ರ ವಿಭಾಗದ ತನಕ ಎಳೆದು ತಂದಿತ್ತು.

ಅರವತ್ತನಾಲ್ಕನೆಯ ಇಸವಿಯ ಒಂದು ಬೆಳಿಗ್ಗೆ ಅದೇ ವಾಸನೆ ಮನೆಯೊಡತಿ ವರದಮ್ಮನವರ ಅಡುಗೆಮನೆಯಿಂದ ಬರುತ್ತಿತ್ತು. ಮಂಜಯ್ಯನವರಿಗೆ ಅಂದು ಮಿಡಿಯ ಯೋಚನೆ ಇರಲಿಲ್ಲ. ನಾಲ್ಕು ವರ್ಷದಿಂದ ಅವರದು ತಾತ್ಕಾಲಿಕ ಕೆಲಸ. ಇಂದು ತಪಾಸಣೆಗೆ ಬರುವ ಅಧಿಕಾರಿ ಮೆಚ್ಚಿದರೆ ಕೆಲಸ ಕಾಯಂ. ತೋರಿಸಬೇಕಾದ್ದು, ರಕ್ತದ ಕೆಂಪುಕಣದ ಪೊರೆ ನೀರನ್ನು ಹೇಗೆ ಒಳಹೊರಗೆ ಬಿಡುತ್ತದೆ ಎಂಬುದು.

ಕಾಲೇಜಿನ ತಕ್ಕಡಿ ಕೆಟ್ಟು ವರ್ಷವಾಗಿತ್ತು. ಅಕ್ಕಸಾಲಿ ಹೇರಂಬನ ಚಿನ್ನ ತೂಗುವ ತಕ್ಕಡಿಯಲ್ಲಿ ಒಂಬತ್ತು ಗ್ರಾಂ ಉಪ್ಪು ತೂಗಿಸಿ, ರಕ್ತದಷ್ಟೇ ಉಪ್ಪಾಗುವಂತೆ ಒಂದು ಲೀಟರ್ ನೀರಿಗೆ ಬೆರೆಸಿ, ಸೀಸೆಯನ್ನು ವರದಮ್ಮನವರ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದರು. ಬಂದವರೇ ತಿಂಡಿಯನ್ನೂ ಮರೆತು ಸೀಸೆ ಹಿಡಿದು ಕಾಲೇಜಿಗೆ ಓಡಿದರು.

ಅಧಿಕಾರಿ ಒಂದು ಗಂಟೆ ಮೊದಲೇ ಬಂದು ಕೂತಿದ್ದರು. ಮೀಸೆ ಪೊರಕೆಯ ಹಾಗೆ.

"ರಕ್ತ ಎಲ್ರೀ?"

ಮಂಜಯ್ಯನವರು ತಮ್ಮ ಬೆರಳಿಗೆ ಸೂಜಿ ಒಯ್ದರು. ಸೂಜಿ ತಾಗುವ ಮೊದಲೇ ಕಣ್ಣು ಕತ್ತಲಿಟ್ಟು, ಒದ್ದೆ ಗೋಣಿಯ ಹಾಗೆ ಕುರ್ಚಿಗೆ ಕುಸಿದರು.

"ಸಾರ್, ನಂದು ತಗಳ್ಳಿ," ಎಂದು ಅಟೆಂಡರ್ ಪುಟ್ಟಪ್ಪ ಹೆಬ್ಬೆರಳು ಚಾಚಿದ. "ಅಡಕೆ ಸುಲಿಯೋವಾಗ ಇದಕ್ಕಿಂತ ಜಾಸ್ತಿ ಹೋಗ್ತದೆ."

ಮಂಜಯ್ಯನವರು ಚೇತರಿಸಿಕೊಂಡು, ಅವನ ಹನಿ ರಕ್ತಕ್ಕೆ ಉಪ್ಪುನೀರು ಬೆರೆಸಿ ಸೂಕ್ಷ್ಮದರ್ಶಕದಲ್ಲಿಟ್ಟರು. ತಟ್ಟೆಯಂತೆ ನುಣ್ಣಗೆ ಕಾಣಬೇಕಿದ್ದ ಕಣಗಳೆಲ್ಲ ಸುಕ್ಕುಗಟ್ಟಿ, ಮುಳ್ಳೆದ್ದು ಕೂತಿದ್ದವು. ಮಂಜಯ್ಯನವರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

ಪುಟ್ಟಪ್ಪ ಕಿವಿಯ ಹತ್ತಿರ ಬಗ್ಗಿದ. "ಹೇಳಕ್ಕೆ ಮರ್ತೆ ಸಾರ್. ಬೆಳಿಗ್ಗೆ ವರದಮ್ಮನೋರು ಸಿಕ್ಕಿದ್ರು. 'ನಿಮ್ಮ ಮೇಷ್ಟ್ರಿಗೆ ಉಪ್ಪುನೀರು ಮಾಡಕ್ಕೇ ಬರಲ್ಲ ಮಾರಾಯ, ನಾಲಿಗೆಗೇ ತಾಗಲ್ಲ. ಹಿಂಗಿದ್ರೆ ಮಿಡಿಗೆ ಹುಳ ಬೀಳ್ತದೆ. ಒಂದು ಹಿಡಿ ಹಾಕಿದೀನಿ' ಅಂದ್ರು."

"ಅಯ್ಯೋ! ಅದು ಮಿಡಿಗಲ್ಲವೋ!"

"ಏನ್ರೀ ಪಿಸಿಪಿಸಿ?" ಎಂದು ಅಧಿಕಾರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಎಲ್ಲ ಸುಕ್ಕಾಗಿದೆಯಲ್ಲ!"

ಬೇರೆ ದಾರಿಯಿರಲಿಲ್ಲ. "ಹಾಗೇ ನೋಡ್ತಾ ಇರಿ ಸರ್," ಎಂದು ಮಂಜಯ್ಯನವರು ಗಾಜಿನ ಅಂಚಿಗೆ ಒಂದು ತೊಟ್ಟು ಬರೀ ನೀರು ಬಿಟ್ಟರು. "ಹೊರಗೆ ಉಪ್ಪು ಜಾಸ್ತಿ, ಅದಕ್ಕೆ ಒಳಗಿನ ನೀರು ಹೊರಗೆ ಬಂದಿತ್ತು. ಈಗ ವಾಪಸ್ ಹೋಗ್ತಾ ಇದೆ."

"ಅರೆ! ಉಬ್ತಾ ಇದೆ ಕಣ್ರೀ! ದುಂಡಗಾಯ್ತು!"

ಇನ್ನೆರಡು ತೊಟ್ಟು ಬಿದ್ದವು.

"ಹೋ! ಒಡೀತು! ಮಾಯ!" ಅಧಿಕಾರಿ ಜಾತ್ರೆಯಲ್ಲಿ ಬೊಂಬೆಪೆಟ್ಟಿಗೆ ನೋಡುವ ಮಗುವಿನ ಹಾಗೆ ಕಣ್ಣು ತೆಗೆಯಲೇ ಇಲ್ಲ. "ನೀರು ಯಾವ ಬಾಗಿಲಲ್ಲಿ ಒಳಗೆ ಹೋಗುತ್ತೆ?"

"ಸಣ್ಣ ತೂತು ಇರಬಹುದು ಅಂತಾರೆ ಸರ್. ಕಣ್ಣಲ್ಲಿ ಕಂಡವರಿಲ್ಲ."

"ಗೊತ್ತಿಲ್ಲದ್ದು ಗೊತ್ತಿಲ್ಲ ಅಂತೀರಲ್ಲ, ಭೇಷ್!" ಎಂದು ಬೆನ್ನು ತಟ್ಟಿ, ಅಲ್ಲೇ ಕೂತು ವರದಿ ಬರೆದು ಬಸ್ಸು ಹತ್ತಿದರು.

ಮಂಜಯ್ಯನವರು ಕಾಲು ನೆಲಕ್ಕೆ ತಾಗದವರಂತೆ ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲರು ಕನ್ನಡಕ ಒರೆಸಿ ಒರೆಸಿ ವರದಿ ಓದುತ್ತಿದ್ದರು.

"ಬಹಳ ಹೊಗಳಿದ್ದಾರೆ ಮಂಜಯ್ಯ. ತಕ್ಕಡಿ ಕೂಡ ಇಲ್ಲದೆ ಇಂಥ ಪಾಠ ಎಲ್ಲೂ ನೋಡಿಲ್ಲವಂತೆ. ಈ ವಿಭಾಗದಲ್ಲಿ ಈಗಿರುವ ವ್ಯವಸ್ಥೆ ಸಂಪೂರ್ಣ ತೃಪ್ತಿಕರ, ಇದರಲ್ಲಿ ಯಾವ ಬದಲಾವಣೆಯನ್ನೂ ಮಾಡಕೂಡದು ಅಂತ ಬರೆದಿದ್ದಾರೆ."

"ಅಂದ್ರೆ ಸರ್?"

"ಅಂದ್ರೆ..." ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡಿದರು. "ಈಗಿರೋ ವ್ಯವಸ್ಥೇಲಿ ನೀವು ತಾತ್ಕಾಲಿಕ. ಹೊಸ ತಕ್ಕಡಿಯೂ ಇಲ್ಲ ಅನ್ನಿ."

ಮಂಜಯ್ಯನವರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಅಳಬೇಕೆಂದುಕೊಂಡರು, ನಗು ಬಂತು. ಒಂದು ಕೆಂಪುಕಣ ಕಣ್ಣೆದುರಿಗೇ ಉಬ್ಬಿದ್ದನ್ನು ನೆನೆದರೆ ಈಗಲೂ ಖುಷಿಯೇ. ಹೊಟ್ಟೆ ಮಾತ್ರ ಬೆನ್ನಿಗೆ ಅಂಟಿತ್ತು.

ಪುಟ್ಟಪ್ಪ ಬಂದು ಒಂದು ಮೆಟ್ಟಿಲು ಕೆಳಗೆ ಕೂತ. ತನ್ನ ಬುತ್ತಿಯ ಬಾಳೆಲೆ ಬಿಚ್ಚಿ, ಎರಡು ಅಕ್ಕಿರೊಟ್ಟಿಗಳಲ್ಲಿ ದೊಡ್ಡದರ ಮೇಲೆ ಚಟ್ನಿಯಿಟ್ಟು, ಎಲೆಯ ಸಮೇತ ಅವರ ಕೈಗೆ ಕೊಟ್ಟ.