ಸಮುರಾಯಪ್ಪ ರಾಯಚೂರಿಗಿ ಬಂದದ್ದು

ಬಾಡಿಗಿಗಿ ಪುಸ್ತಕ ಕೊಡೋನ ಹಣೇಬರಾನೇ ಇಷ್ಟು ನೋಡ್ರಿ, ಪುಸ್ತಕದಾಗಿನ ಕಥಿಗಿಂತ ಪುಸ್ತಕ ಒಯ್ದವರ ಕಥಿನೇ ದೊಡ್ಡದಾಗ್ತದ. ಎಂಬತ್ತರ ಸುಮಾರಿಗಿ ರಾಯಚೂರು ಸ್ಟೇಷನ್ ರಸ್ತಿಯಾಗ ನಂದೊಂದು ಅಂಥಾ ಅಂಗಡಿ ಇತ್ತು. ಅಂಗಡಿ ಅಂದ್ರ ಒಂದು ಖೋಲಿ, ಎರಡು ಬೆಂಚು, ಅಷ್ಟೇ. ಖೋಲಿ ಮಾಲೀಕರು ಆ ವರ್ಷ ಕಡ್ಡಿ ಮುರಿದಂಗ ಹೇಳಿಬಿಟ್ರು, "ಯುಗಾದಿಗಿ ಖಾಲಿ ಮಾಡು. ಕ್ಯಾಸೆಟ್ ಅಂಗಡಿಯವ ಕೇಳಾಕತ್ತಾನ. ನಿನ್ನ ಪುಸ್ತಕ ಯಾರು ಓದ್ತಾರೋ ಮಾರಾಯ?" ನನಗ ಬ್ಯಾರೆ ಕಸುಬು ಬರಂಗಿಲ್ಲ.

ಅಂಥಾದ್ರಾಗ ಹೈದ್ರಾಬಾದಿನಿಂದ ತರಿಸಿದ ರದ್ದಿ ಗಂಟಿನಾಗ ಒಂದು ಜಪಾನಿ ಚಿತ್ರಕಥಿ ಬಂತು. ಇಟ್ಟಂಗಿಯಷ್ಟು ದಪ್ಪ, ಒಂದಕ್ಷರ ತಿಳಿಯಂಗಿಲ್ಲ, ಪುಟಪುಟಕ್ಕೂ ಕತ್ತಿ ಹಿಡಿದ ಒಬ್ಬ ಮನಿಷ್ಯಾ. ರಿಟೈರಾದ ಟಿಕೆಟ್ ಕಲೆಕ್ಟರ್ ಒಬ್ರು ನೋಡಿ, "ಇಂಥವರಿಗಿ ಸಮುರಾಯಿ ಅಂತಾರ" ಅಂದ್ರು. ಸಂಜೀಕ ಅಂವ ಎಲ್ಲಾರ ಬಾಯಾಗ ಸಮುರಾಯಪ್ಪ ಆಗಿದ್ದ.

೧. ಇಂವ ಯಾರ ಪೈಕಿ?

ಕಥಿ ಏನು ಅಂತ ಯಾರೂ ಕೇಳಲಿಲ್ಲ. ಮೊದಲ ಪ್ರಶ್ನಿನೇ, "ಇಂವ ಯಾರ ಪೈಕಿ?"

ಓಣಿ ಪುರೋಹಿತರು ಚಿತ್ರದ ಮ್ಯಾಲ ಬೆರಳಿಟ್ಟು, "ಮುಂದ ಬೋಳು, ಹಿಂದ ಜುಟ್ಟು. ನಮ್ಮವ!" ಅಂದ್ರು. ಅರಕೇರಾದಿಂದ ಕುರಿ ಮಾರಾಕ ಬಂದ ಹಿರಿಯ ಬಿಡಬೇಕಲ್ಲ, "ಹೆಗಲ ಮ್ಯಾಲಿನ ಕಂಬಳಿ ಕಾಣವಲ್ತೇನ್ರೀ? ಅಡವ್ಯಾಗ ಮಲಗ್ತಾನ. ಇಂವ ನಮ್ಮವ!" ಅಂದ. ಇಬ್ಬರೂ ಜಿದ್ದಿಗಿ ಬಿದ್ರು.

ಮಾನ್ವಿಯ ಒಬ್ಬ ಮಾಸ್ತರ, ಅವರ ಕೇರಿಯಾಗ ಮೊದಲ ನೌಕರಿ ಹಿಡಿದಂವ, ಸುಮ್ಮನ ಪುಟ ತಿರುವಾಕತ್ತಿದ್ದ. "ಇಲ್ಲಿ ನೋಡ್ರಿ," ಅಂದ. "ಗುರುತಿಲ್ಲದ ಊರಿಗಿ ಬಂದಾನ. ಸೀದಾ ಊರ ಬಾವಿಗಿ ಹೋಗಿ ನೀರು ಸೇದಿ ಕುಡಿಯಾಕತ್ತಾನ. ನೀ ಯಾರವ ಅಂತ ಒಬ್ರೂ ಕೇಳವಲ್ರು. ಯಾರವ ಬೇಕಾದ್ರೂ ಇರಲಿ, ನಮ್ಮ ಕಡಿಯವ ಅಂತೂ ಅಲ್ಲ ಬಿಡ್ರಿ."

ಪುರೋಹಿತರಿಗಿ ಪೂಜಿ ನೆನಪಾತು, ಹಿರಿಯಗ ಬಸ್ಸು ನೆನಪಾತು.

೨. ಮಾತಿಲ್ಲದ ಯುದ್ಧ

ಆ ಪುಸ್ತಕದಾಗ ಜನರನ್ನ ಹಿಡಿದು ಕೂಡಿಸಿದ್ದು ಕತ್ತಿ ಅಲ್ರೀ, ಕತ್ತಿ ಎತ್ತೋಕಿಂತ ಮೊದಲಿನ ಗಪ್‌ಚುಪ್. ಇಬ್ರು ಎದುರಾಬದರಾ ನಿಂತಾರ. ಗಾಳಿ ಬೀಸ್ತದ, ಹುಲ್ಲು ಬಾಗ್ತದ, ಪುಟದ ಮ್ಯಾಲ ಪುಟ ಒಂದು ಮಾತಿಲ್ಲ.

ದೇವದುರ್ಗದ ದೊಡ್ಡಾಟದ ಮಾಸ್ತರರಿಗಿ ಇದು ತಲಿಗಿ ಹತ್ತಿಬಿಡ್ತು. ದೊಡ್ಡಾಟದಾಗ ವೀರ ಅಂದ್ರ ಕತ್ತಿ ಎತ್ತೋಕಿಂತ ಮೊದಲು ತನ್ನ ವಂಶದ ಹೆಸರೆಲ್ಲಾ ಒದರಲೇಬೇಕು. "ಈ ಸಲ ಒದರೂದು ಬ್ಯಾಡ. ಸಮುರಾಯಪ್ಪನಂಗ ನೋಡ್ಕೋತ ನಿಂದ್ರಿ" ಅಂತ ರಾಜನ ವೇಷದವಗ, ರಾಕ್ಷಸನ ವೇಷದವಗ ಇಬ್ರಿಗೂ ಹೇಳಿಕೊಟ್ರು.

ಆಟದ ರಾತ್ರಿ ಇಬ್ರೂ ಹಂಗೇ ನಿಂತ್ರು. ಮ್ಯಾಳದವರೂ ಸುಮ್ಮನಾದ್ರು. ಜನ ತುಸು ಹೊತ್ತು ತಡಕೊಂಡ್ರು. ಆಮ್ಯಾಲ ಹಿಂದಿಂದ ಒಬ್ಬ, "ಪಾಪ, ಮಾತು ಮರ್ತಾರ! ಯಾರಾರ ಹೇಳಿಕೊಡ್ರಪೋ!" ಅಂದ. ಅಷ್ಟೇ ತಡ, ನಾಕೂ ಕಡಿಯಿಂದ ಜನಾನೇ ಮಾತು ಒದರಾಕ ಹತ್ತಿದ್ರು. ವೀರರು ಜಪ್ಪಯ್ಯ ಅನ್ನಲಿಲ್ಲ. ಕಡೀಕ ಒಬ್ಬ ಮುದುಕಿ ತಂಬಿಗಿ ಹಿಡಕೊಂಡು ರಂಗಕ್ಕ ಹತ್ತಿ, ರಾಕ್ಷಸನ ಬೆನ್ನು ಸವರಿ, "ಹೆದರಬ್ಯಾಡೋ ಯಪ್ಪಾ, ಒಂದು ಗುಟುಕು ನೀರು ಕುಡಿ, ಎಲ್ಲಾ ನೆನಪಾಗ್ತದ" ಅಂದಳು.

೩. ಮಾಲೀಕರು ಓದಿದ್ದು

ನಾವು ಆ ಪುಸ್ತಕಾನ ನಮ್ಮ ಪುಸ್ತಕದಂಗ ಎಡಕಿನಿಂದ ತಗದು ನೋಡ್ತಿದ್ವಿ. ಮೊದಲ ಪುಟದಾಗ ಬರೇ ಹೆಣ, ನಡುವ ಸಮುರಾಯಪ್ಪ ಒಬ್ಬನೇ. ಮುಂದ ಹೋದಂಗ ಸತ್ತವರು ಎದ್ದು ನಿಂದ್ರತಾರ, ಗಾಯ ಮಾಯ್ತಾವ. ಕಡೀ ಪುಟದಾಗ ತೊಡಿ ಮ್ಯಾಲ ಕೂಸು, ಹೇಣ್ತಿ ಅನ್ನ ನೀಡಾಕತ್ತಾಳ. ಪೋತ್ನಾಳದ ಕಿರಾಣಿ ಅಂಗಡಿ ಅಕ್ಕ ಮತ್ತ ಮತ್ತ ಒಯ್ದು ನೋಡಿ, "ಮನಸಿಗಿ ಎಷ್ಟು ಹಗುರ ಆಗ್ತದೋ ತಮ್ಮಾ" ಅಂತ ಕಣ್ಣೊರಸಿಕೊಂಡ್ಳು.

ಯುಗಾದಿ ಹತ್ರ ಬಂತು. ಇಂಥಾ ಚೊಲೋ ಕಥಿ ನೋಡಿ ಮನಸು ಕರಗಿದ್ರೂ ಕರಗೀತು ಅಂತ ಪುಸ್ತಕ ಮಾಲೀಕರ ಮನಿಗಿ ಕಳಿಸಿದೆ.

ಎರಡು ದಿನ ಬಿಟ್ಟು ಅವರೇ ಬಂದ್ರು. ಮುಖದಾಗ ರಕ್ತ ಇಲ್ಲ. ಪುಸ್ತಕ ದೂರದಿಂದನೇ ಬೆಂಚಿನ ಮ್ಯಾಲ ಇಟ್ರು.

"ಓದೇ ಕಳಿಸಿದ್ಯೇನು?"

"ಹೂಂ ರೀ. ನಿಮಗಂತನೇ ಕಳಿಸೀನಿ. ಕಡೀಕ ಹೆಂಗ ಆಗ್ತದ ನೋಡಿದ್ರಿಲ್ಲ?"

"ನೋಡಿದೆನಪಾ," ಅಂದ್ರು. "ಮೊದಲು ಪಾಪ ಹೇಣ್ತಿ ಮಕ್ಕಳ ಜೋಡಿ ಉಣ್ಣಾಕತ್ತಿರ್ತಾನ. ಒಬ್ಬ ಸಾಹುಕಾರ ಬಂದು ಮನಿ ಖಾಲಿ ಮಾಡಸ್ತಾನ. ಕಡೀಕ ಆ ಸಾಹುಕಾರನ ಮನ್ಯಾಗ ದೀಪ ಹಚ್ಚಾಕ ಒಬ್ರೂ ಉಳಿಯಂಗಿಲ್ಲ!"

ಆಗ ನನಗ ಹೊಳೀತು. ಮಾಲೀಕರು ನಿಜಾಮರ ಕಾಲದಾಗ ಉರ್ದು ಶಾಲಿ ಕಲಿತವರು, ಪುಸ್ತಕ ಅಂದ್ರ ಬಲಕಿನಿಂದನೇ ತಗೀತಿದ್ರು. ಜಪಾನಿನವರೂ ಹಂಗೇ ಬಲಕಿನಿಂದ ಓದ್ತಾರಂತ. ಇಡೀ ಜಿಲ್ಲಾದಾಗ ಆ ಕಥಿ ಸರಿಯಾಗಿ ಓದಿದವರು ಅವರೊಬ್ರೇ.

ಹಂಗಲ್ರೀ ಅಂತ ಬಾಯಿ ತಗದೆ. ಅವರು ಕೈ ಎತ್ತಿದ್ರು. "ತಿಳೀತಪಾ, ತಿಳೀತು. ಕ್ಯಾಸೆಟ್‌ದವಗ ಆಗಂಗಿಲ್ಲ ಅಂದೀನಿ. ನೀ ಆರಾಮ ಇರು. ಒಂದು ಮಾತು ಹೇಳು, ಅಂಗಡ್ಯಾಗ ಕತ್ತಿ ಗಿತ್ತಿ ಏನಿಲ್ಲಲ್ಲ?"

"ರದ್ದಿ ಗಂಟು ಕೊಯ್ಯೋ ಚೂರಿ ಒಂದದ ರೀ," ಅಂದೆ, ಖರೇ ಹೇಳಬೇಕಲ್ಲ.

ಮಾಲೀಕರು ಚಪ್ಪಲಿ ಬಿಟ್ಟೇ ಓಡಿದ್ರು. ಕೊಟ್ಟು ಬರೋಣಂತ ಮನಿತನಕ ಹೋದ್ರ ಬಾಗಲಾ ತಗೀಲಿಲ್ಲ. "ಅವನ್ನೂ ನೀನೇ ಇಟ್ಕೋ ಯಪ್ಪಾ," ಅಂತ ಒಳಗಿಂದನೇ ಒದರಿದ್ರು.